ಹಳೇ ಬಾಗಿಲಿಗೆ ಗ್ರೈಂಡರ್ ಹಿಡಿಯುವ ಮೊದಲು

ಮನೆ ಕೆಡವಿದವರು, ಗುಜರಿ ಅಂಗಡಿ ಸುತ್ತಿದವರು, ಎಲ್ಲರೂ ತಿಂಗಳುಗಟ್ಟಲೆ ಹಳೇ ಮರದ ಬಗ್ಗೆಯೇ ಪ್ರಶ್ನೆ ಕಳಿಸುತ್ತಿದ್ದಾರೆ. ಈ ಸಲ ಜಾಗವೆಲ್ಲ ಅದಕ್ಕೇ. ಉಳಿದವರು ಬೇಜಾರು ಮಾಡ್ಕೋಬೇಡಿ.

ಓದುಗರೊಬ್ಬರು ಬರೆಯುತ್ತಾರೆ: ದಾವಣಗೆರೆಯಲ್ಲಿ ಅಜ್ಜನ ಮನೆ ಕೆಡವಿದೆವು. ಸಾಗುವಾನಿ ಬಾಗಿಲು ಉಳಿಸಿಕೊಂಡಿದ್ದೇನೆ. ಹಸಿರು, ನೀಲಿ ಅಂತ ಐದಾರು ಪದರ ಬಣ್ಣವಿದೆ. ಗ್ರೈಂಡರ್‌ನಲ್ಲಿ ಉಜ್ಜಿ ಊಟದ ಟೇಬಲ್ ಮಾಡಬೇಕು. ಯಾವ ನಂಬರಿನ ಸ್ಯಾಂಡ್ ಪೇಪರ್ ತರಲಿ?

ನಂಬರು ಆಮೇಲೆ ನೋಡೋಣ. ಮೊದಲು ಗ್ರೈಂಡರ್ ಕೆಳಗಿಡಿ.

ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದೇ 2016ರಲ್ಲಿ. ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ನಿಮ್ಮ ಅಜ್ಜ ಬಣ್ಣ ಹೊಡೆಸಿದ್ದು ಯಾವಾಗ? ಹಾಗಾಗಿ ಸೀಸ ಇದೆ ಎಂದೇ ತಿಳಿದು ಕೆಲಸ ಮಾಡಿ. ಗ್ರೈಂಡರ್ ಆ ಬಣ್ಣವನ್ನು ಹಿಟ್ಟಿನಷ್ಟು ನುಣ್ಣಗೆ ಮಾಡಿ ಮನೆಯೆಲ್ಲ ಹರಡುತ್ತದೆ. ನೆಲದ ಮೇಲೆ ಅಂಬೆಗಾಲಿಡುವ ಮಗು ಅದೇ ಕೈಯನ್ನು ಬಾಯಿಗಿಡುತ್ತದೆ. ಸೀಸ ಕೆಡಿಸುವುದು ಮಕ್ಕಳ ಮೆದುಳನ್ನು. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಸಾಕು ಎನ್ನುವ ಮೇಸ್ತ್ರಿಗಳ ಮಾತು ಕೇಳಬೇಡಿ. ಬೆಂಕಿ ತೋರಿಸಿ ಬಣ್ಣ ಎಬ್ಬಿಸುವುದು ಇನ್ನೂ ಕೆಟ್ಟದ್ದು, ಸೀಸ ಹೊಗೆಯಾಗಿ ನೇರ ಎದೆಗೆ ಇಳಿಯುತ್ತದೆ. ಅಂದಹಾಗೆ, ಉಳಿದ ಬಣ್ಣದ ಚೂರು, ತುಂಡು ಹಲಗೆಗಳನ್ನು ಸ್ನಾನದ ಹಂಡೆ ಒಲೆಗೆ ತುರುಕುವವರಿಗೂ ಇದೇ ಮಾತು.

ಬಯಲಿನಲ್ಲಿ ಪ್ಲಾಸ್ಟಿಕ್ ಹಾಸಿ. ಪೇಂಟ್ ರಿಮೂವರ್ ಹಚ್ಚಿ, ಕೈಗವಸು ಹಾಕಿಕೊಂಡು, ಒದ್ದೆ ಇರುವಾಗಲೇ ಕೆರೆಯಿರಿ. ಉಳಿದದ್ದನ್ನು ನೀರು ಹಾಕಿ ವಾಟರ್ ಪೇಪರ್‌ನಲ್ಲಿ ಉಜ್ಜಿ. 80ನೇ ನಂಬರಿನಿಂದ ಶುರು ಮಾಡಿ, 220ಕ್ಕೆ ನಿಲ್ಲಿಸಿ. ಬಸುರಿಯರು, ಮಕ್ಕಳು ಹತ್ತಿರ ಸುಳಿಯಬಾರದು. ಮೈಮೇಲಿನ ಬಟ್ಟೆ ಬೇರೆಯಾಗಿ ಒಗೆಯಿರಿ. ಎರಡು ದಿನದ ಕೆಲಸ, ಸೊಂಟ ನೋಯುತ್ತದೆ. ಪುರುಸೊತ್ತಿಲ್ಲ ಅನ್ನುವವರು ಬಾಗಿಲನ್ನು ಬಾಗಿಲಾಗಿಯೇ ಇಟ್ಟುಕೊಳ್ಳಿ.

ಇನ್ನು ಟೇಬಲ್. ಕಬ್ಬಿಣದ ಕಾಲಿಗೆ ಬಾಗಿಲನ್ನು ಗಟ್ಟಿಯಾಗಿ ಸ್ಕ್ರೂ ಬಿಗಿದು, ಏಪ್ರಿಲ್‌ನಲ್ಲಿ ಸೀಳಿತು ಅಂತ ನನಗೆ ಫೋಟೊ ಕಳಿಸುತ್ತೀರಿ. ಮರ ಉದ್ದಕ್ಕೆ ಅಷ್ಟಾಗಿ ಅಲುಗುವುದಿಲ್ಲ. ಅಡ್ಡಕ್ಕೆ ಮಾತ್ರ ಮಳೆಗಾಲದಲ್ಲಿ ಉಬ್ಬುತ್ತದೆ, ನಮ್ಮ ಒಣ ಬೇಸಿಗೆಯಲ್ಲಿ ಕುಗ್ಗುತ್ತದೆ. ಕಬ್ಬಿಣದ ಪಟ್ಟಿಯಲ್ಲಿ ದುಂಡು ತೂತು ಬೇಡ, ಅಡ್ಡಡ್ಡ ಉದ್ದನೆಯ ತೂತು ಕೊರೆಸಿ. ಸ್ಕ್ರೂ ಸರಿದಾಡಲಿ. ಹಲಗೆ ತಗ್ಗಾಗಿರುವ ಕಡೆ ಬೆಣ್ಣೆ ದೋಸೆ ಚಟ್ನಿ ಕೂರುತ್ತದೆ, ಮೇಲೆ ದಪ್ಪ ಗಾಜು ಇಡಿ. ಚಿಲಕದ ಗುರುತು, ಅಗುಳಿಯ ತೂತು ಮುಚ್ಚಬೇಡಿ. ಅದಕ್ಕೇ ತಾನೇ ಹಳೇ ಬಾಗಿಲು ಬೇಕಾಗಿದ್ದು?

ಕೊನೆಗೆ ಅಗಸೆ ಎಣ್ಣೆ ಹಚ್ಚುವುದಾದರೆ, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಸಿಕ್ಕಿಕೊಂಡು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಒಮ್ಮೆ ಊಟ ಮುಗಿಸಿ ಬಂದಾಗ ನನ್ನ ಶೆಡ್ಡಿನ ಮೂಲೆಯ ಬಕೆಟ್‌ನಿಂದ ಹೊಗೆ ಏಳುತ್ತಿತ್ತು. ಅವತ್ತಿನಿಂದ ಒಂದೊಂದು ಬಟ್ಟೆಯನ್ನೂ ತಂತಿಯ ಮೇಲೆ ಬಿಡಿಸಿ ಹಾಕುತ್ತೇನೆ.

ಮರದ ತೂತಿನಿಂದ ಪುಡಿ ಉದುರುತ್ತಿದೆ. ಬಿಸಿಲಿಗಿಟ್ಟು ಸೀಮೆಎಣ್ಣೆ ಹಚ್ಚಿದರೆ ಹುಳು ಸಾಯುತ್ತದಲ್ವಾ?

ಪ್ಯಾಲೆಟ್ (ಸರಕು ಪೇರಿಸಿ ಸಾಗಿಸುವ ಮರದ ಚೌಕಟ್ಟು) ಮರದ ಹುಳು ಸಾಯಿಸಲು ಒಳತಿರುಳಿಗೇ 56 ಡಿಗ್ರಿ ಬಿಸಿಯನ್ನು 30 ನಿಮಿಷ ಮುಟ್ಟಿಸುತ್ತಾರೆ. ಬರೀ ಬಿಸಿಲು ನಂಬಿ ಕೂರಬೇಡಿ. ಸೀಮೆಎಣ್ಣೆ ಆರಿಹೋಗುತ್ತದೆ, ವಾಸನೆ ಉಳಿಯುತ್ತದೆ. ಕೆಳಗೆ ಕಪ್ಪು ಕಾಗದ ಹಾಸಿ ಒಂದು ವಾರ ನೋಡಿ. ಹೊಸ ಪುಡಿ ಬಿದ್ದರೆ ಬಣ್ಣ ತೆಗೆದ ಬರೀ ಮರಕ್ಕೆ ಬೋರಾಕ್ಸ್ (ಬಿಳಿಗಾರ) ದ್ರಾವಣ ಕುಡಿಸಿ.

ಎಂಬಿ ಅಂತ ಮುದ್ರೆ ಇರುವ ಪ್ಯಾಲೆಟ್ ಸಿಕ್ಕಿದೆ, ಮಗುವಿಗೆ ಮಂಚ ಮಾಡಲಾ?

ಎಂಬಿ ಅಂದರೆ ಮಿಥೈಲ್ ಬ್ರೋಮೈಡ್, ಹುಳು ಸಾಯಿಸಲು ಮರಕ್ಕೆ ಹಾಯಿಸುವ ವಿಷದ ಗಾಳಿ. ಬೇಡ. ಎಚ್‌ಟಿ, ಅಂದರೆ ಬಿಸಿ ಮುಟ್ಟಿಸಿ ಹುಳು ಸಾಯಿಸಿದ ಮುದ್ರೆಯದ್ದು ಹುಡುಕಿ.

ಗೆದ್ದಲಿಗೆ ಕರಿ ಆಯಿಲ್ ಒಳ್ಳೆಯದು ಅಂತಾರೆ?

ಲಾರಿ ಇಂಜಿನ್ ಕಕ್ಕಿದ್ದನ್ನು ಮನೆಯೊಳಗೆ ಬಳಿಯಬೇಕಾ?

ಇನ್ನೊಬ್ಬರ ಮನೆಯ ಹಳೇ ಬಾಗಿಲು ತಂದರೆ ದೋಷ ಇದೆಯಾ?

ಇದೆ, ಒಳಗೆ ಮೊಳೆ ಉಳಿದಿದ್ದರೆ. ರಂದಾ ಹಾಕುವ ಮೊದಲು ಅಯಸ್ಕಾಂತ ಆಡಿಸಿ.