ಲೇಆಫ್ ನಡೆಯುತ್ತಿರುವ ಕಂಪನಿಯಿಂದ ನಾನಾಗಿಯೇ ರಾಜೀನಾಮೆ ಕೊಟ್ಟು ಹೊರಬರಲೇ?

ಟೀಮಿನಲ್ಲಿ ಆರು ಜನರನ್ನು ತೆಗೆದಿದ್ದಾರೆ, ಮ್ಯಾನೇಜ್‌ಮೆಂಟ್ ಹೇಳುವ ಒಂದು ಮಾತನ್ನೂ ನಂಬಲು ಆಗುತ್ತಿಲ್ಲ, ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ಬೇಡ. ಬೇರೆ ಆಫರ್ ಕೈಗೆ ಬರುವವರೆಗೆ ದಯವಿಟ್ಟು ರಾಜೀನಾಮೆ ಬರೆಯಬೇಡಿ. ಯಾಕೆ ಅಂತ ನನಗೆ ಆದದ್ದನ್ನೇ ಹೇಳುತ್ತೇನೆ.

2023ರ ಆರಂಭ. ಬೆಂಗಳೂರಿನ ಔಟರ್ ರಿಂಗ್ ರೋಡಿನ ಒಂದು ದೊಡ್ಡ ಐಟಿ ಕಂಪನಿಯಲ್ಲಿ ನನಗೆ ಒಂಬತ್ತನೇ ವರ್ಷ. ಹಿಂದಿನ ನವೆಂಬರಿನಲ್ಲಿ ಫೇಸ್‌ಬುಕ್‌ನ ಕಂಪನಿ ಮೆಟಾ 11,000ಕ್ಕೂ ಹೆಚ್ಚು ಜನರನ್ನು ತೆಗೆದಿತ್ತು. ಜನವರಿ 20ಕ್ಕೆ ಗೂಗಲ್ ಸುಮಾರು 12,000 ಅಂತ ಹೇಳಿತು. ಎರಡೂ ಕಡೆ ಮುಖ್ಯಸ್ಥರು ಹೊಣೆ ನಮ್ಮದೇ ಅಂದರು. ಕೊರೊನಾ ಕಾಲದ ಬೆಳವಣಿಗೆ ಹಾಗೇ ಮುಂದುವರಿಯುತ್ತದೆ ಅಂತ ಲೆಕ್ಕ ಹಾಕಿ ಜಾಸ್ತಿ ಜನರನ್ನು ಸೇರಿಸಿಕೊಂಡವರು ಅವರು. ಕೆಲಸ ಹೋದದ್ದು ಬೇರೆಯವರದ್ದು. ನನಗೆ ಅದು ಇವತ್ತಿಗೂ ಅರಗಿಲ್ಲ.

ನಮ್ಮಲ್ಲಿ ಎಲ್ಲ ನೌಕರರನ್ನೂ ಸೇರಿಸಿ ನಡೆಸುವ ಟೌನ್‌ಹಾಲ್ ಮೀಟಿಂಗಿನಲ್ಲಿ "ಇಲ್ಲಿ ಅಂಥ ಯೋಚನೆಯೇ ಇಲ್ಲ" ಅಂದಿದ್ದರು. ಮೂರು ವಾರ ಕಳೆದಿರಲಿಲ್ಲ, ಒಂದು ಬೆಳಿಗ್ಗೆ ಹದಿನೈದು ನಿಮಿಷದ ಕಾಲ್ ಬಂತು. ನನ್ನ ಮ್ಯಾನೇಜರ್ ಇದ್ದರು, ಎಚ್‌ಆರ್ ಇದ್ದರು. "ನೀವೇ ರಿಸೈನ್ ಮಾಡಿ, ಎರಡು ತಿಂಗಳ ಸಂಬಳ ಕೊಡ್ತೀವಿ. ಇಲ್ಲಾಂದ್ರೆ ಟರ್ಮಿನೇಷನ್ ಅಂತ ಬರೀಬೇಕಾಗುತ್ತೆ. ಸಂಜೆಯೊಳಗೆ ಹೇಳಿ."

ಮುಂದಿನ ಕಂಪನಿಯವರಿಗೆ ಆ ಪದ ಕಂಡರೆ? ಮನೆ ಸಾಲದ ಕಂತು ಯಾರು ಕಟ್ಟುತ್ತಾರೆ? ತಲೆಯೇ ಓಡಲಿಲ್ಲ. ಕಂಪನಿಯ ಪೋರ್ಟಲ್‌ನಲ್ಲಿ ರಾಜೀನಾಮೆಗೆ ಕಾರಣ ಆರಿಸಬೇಕಿತ್ತು. 'ವೈಯಕ್ತಿಕ' ಅಂತ ಒತ್ತಿದೆ. ಅರ್ಧ ಗಂಟೆಗೆ ಲ್ಯಾಪ್‌ಟಾಪ್ ಲಾಕ್ ಆಯಿತು. ಕೆಲಸ ಹೋದದ್ದಕ್ಕಿಂತ ಆ ಒಂದು ಪದ ನನ್ನನ್ನು ಜಾಸ್ತಿ ನೋಯಿಸಿದೆ. ಅವರ ತೀರ್ಮಾನಕ್ಕೆ ನನ್ನ ಕೈಯಲ್ಲೇ ನನ್ನ ಕಾರಣ ಬರೆಸಿಕೊಂಡರು.

ರಾಜೀನಾಮೆಯನ್ನು ಅವರು ಸುಮ್ನೆ ಕೇಳಿದ್ದಲ್ಲ ಅಂತ ಆಮೇಲೆ ಗೊತ್ತಾಯಿತು. ಕರ್ನಾಟಕ ಸರ್ಕಾರ 2014ರಲ್ಲಿ ಐಟಿ ಕಂಪನಿಗಳಿಗೆ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ (ಕೆಲಸದ ನಿಯಮಗಳನ್ನು ಬರೆದಿಡಬೇಕು ಅನ್ನುವ ಕಾನೂನು) ವಿನಾಯಿತಿ ಕೊಟ್ಟು, ಮತ್ತೆ ಮತ್ತೆ ವಿಸ್ತರಿಸಿತು. ಆದರೆ ಷರತ್ತು ಇತ್ತು. ಕುಂದುಕೊರತೆ ಸಮಿತಿ ಇರಬೇಕು. ಯಾರನ್ನಾದರೂ ಅಮಾನತು ಮಾಡಿದರೆ, ಕೆಲಸದಿಂದ ತೆಗೆದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು. ನಾವೇ ರಾಜೀನಾಮೆ ಕೊಟ್ಟರೆ ತಿಳಿಸುವುದಕ್ಕೆ ಏನಿದೆ? ಯಾರನ್ನೂ ತೆಗೆದೇ ಇಲ್ಲ ಅಲ್ವಾ.

ಅದೇ ದಿನ ನನ್ನ ಟೀಮಿನ ಒಬ್ಬ ಹುಡುಗಿಗೂ ಕಾಲ್ ಬಂದಿತ್ತು. ಐದು ವರ್ಷ ತುಂಬಲು ಅವಳಿಗೆ ಇನ್ನು ಆರು ವಾರ ಇತ್ತು. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಮೊತ್ತ, ಆಗ ಸಿಗುತ್ತಿದ್ದದ್ದು ಐದು ವರ್ಷಕ್ಕೆ, ವರ್ಷಕ್ಕೆ ಹದಿನೈದು ದಿನದ ಮೂಲ ವೇತನದ ಲೆಕ್ಕ. ಅವಳು "ನೀವು ಹೇಳಿದ್ದನ್ನೆಲ್ಲ ಮೇಲ್‌ನಲ್ಲಿ ಕಳಿಸಿ ಸರ್, ಓದಿ ಹೇಳ್ತೀನಿ" ಅಂದಳು. ಮೇಲ್ ಬರಲೇ ಇಲ್ಲ. ಎರಡು ದಿನ ಬಿಟ್ಟು ಮತ್ತೆ ಕರೆದರು, ಮತ್ತೆ ಅದೇ ಉತ್ತರ. ಅಷ್ಟರಲ್ಲಿ ಐಟಿ ನೌಕರರ ಸಂಘದವರ ಹತ್ತಿರ ಮಾತಾಡಿದ್ದಳು. ಕೆಐಟಿಯು ಅಂತ, 2017ರಲ್ಲಿ ನೋಂದಣಿ ಆದ ಸಂಘ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ, ಅಂದರೆ ಕಾರ್ಮಿಕ ಇಲಾಖೆಯ ಕಚೇರಿಗೆ, ಕೊಡುವ ದೂರನ್ನೂ ಬರೆದಿಟ್ಟುಕೊಂಡಿದ್ದಳು. ಕೊಡುವ ಅಗತ್ಯ ಬರಲಿಲ್ಲ. ಅವಳ ಕೆಲಸದ ಕೊನೆಯ ದಿನಾಂಕ ಎರಡು ತಿಂಗಳು ಮುಂದೆ ಹೋಯಿತು, ಗ್ರಾಚ್ಯುಟಿ ಬಂತು. ಕೆಲಸ ಉಳಿಯಲಿಲ್ಲ, ನಿಜ. ಆದರೆ 'ವೈಯಕ್ತಿಕ ಕಾರಣ' ಅಂತ ಅವಳು ಎಲ್ಲೂ ಬರೆಯಲಿಲ್ಲ.

ಇನ್ನು ನಿಮ್ಮ ಮ್ಯಾನೇಜರ್ ಮೇಲಿನ ಸಿಟ್ಟು. ನನಗೂ ಇತ್ತು. ಆ ರಾತ್ರಿ ನನ್ನ ಮ್ಯಾನೇಜರ್ ಸ್ವಂತ ನಂಬರಿನಿಂದ ಫೋನ್ ಮಾಡಿದರು. ಹೆಸರುಗಳ ಪಟ್ಟಿ ಅವರಿಗೆ ಸಿಕ್ಕಿದ್ದು ಹಿಂದಿನ ರಾತ್ರಿ. ಓದಬೇಕಾದ ಸಾಲುಗಳನ್ನೂ ಬರೆದು ಕೊಟ್ಟಿದ್ದರಂತೆ. ಮಾತು ಮುಗಿಸಲು ಆಗದೆ ಅತ್ತರು. ನಾಲ್ಕು ತಿಂಗಳಿಗೆ ಅವರನ್ನೂ ತೆಗೆದರು. ತೀರ್ಮಾನ ಮಾಡಿದವರ ಮುಖ ನಾವಿಬ್ಬರೂ ನೋಡಿಲ್ಲ.

ಮನಸ್ಸು ಕೊಟ್ಟು ಕೆಲಸ ಮಾಡಲು ಆಗುತ್ತಿಲ್ಲ ಅಂದಿರಿ. ಆಗದಿರುವುದು ಸಹಜ. ಒಪ್ಪಿಕೊಂಡಷ್ಟು ಕೆಲಸ ಮಾಡಿ, ಸಂಜೆ ಇಂಟರ್‌ವ್ಯೂಗೆ ಓದಿ. ಆಫರ್ ಲೆಟರ್, ಸಂಬಳದ ಸ್ಲಿಪ್‌ಗಳು, ಫಾರ್ಮ್ 16 (ಸಂಬಳದಲ್ಲಿ ಹಿಡಿದ ತೆರಿಗೆಯ ಪ್ರಮಾಣಪತ್ರ), ನಿಮ್ಮ ಅಪ್ರೈಸಲ್ ಪತ್ರಗಳು, ಇವಿಷ್ಟನ್ನು ಇವತ್ತೇ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಕಂಪನಿಯ ಕೋಡ್, ಫೈಲ್ ಯಾವುದನ್ನೂ ಮುಟ್ಟಬೇಡಿ. ಲಾಕ್ ಆದ ಮೇಲೆ ನನ್ನದೇ ಸ್ಲಿಪ್‌ಗಳಿಗಾಗಿ ನಾನು ಐದು ವಾರ ಮೇಲ್ ಬರೆಯುತ್ತಾ ಕೂತಿದ್ದೆ.