ರಾತ್ರಿ ಕಪ್ಪೆಗಳ ಫೋಟೋ ತೆಗೆಯಲು ಟಾರ್ಚ್ ಬೆಳಕನ್ನು ಮೃದು ಮಾಡಬೇಕು. ಗಾಜಿಗೆ ಏನು ಅಂಟಿಸಿದರೆ ಒಳ್ಳೆಯದು, ಬಟರ್ ಪೇಪರೋ ಹಾಲಿನ ಪ್ಯಾಕೆಟ್ಟೋ?

ಗಾಜಿಗೆ ಏನನ್ನೂ ಅಂಟಿಸಬೇಡಿ. ಬಟರ್ ಪೇಪರ್ ಒಳ್ಳೆಯದೋ ಹಾಲಿನ ಪ್ಯಾಕೆಟ್ ಒಳ್ಳೆಯದೋ ಅಂತ ಕೇಳಿದ್ದೀರಿ. ನಾನೂ ಅಲ್ಲಿಂದಲೇ ಶುರು ಮಾಡಿದ್ದು.

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಮಳೆ ಹಿಡಿದ ಮೇಲೆ ಕತ್ತಲಾದರೆ ಕೆರೆ ಹತ್ತಿರ ಮಾತಾಡಿದ್ದು ಕೇಳಿಸುವುದಿಲ್ಲ, ಅಷ್ಟು ಕಪ್ಪೆಗಳು. ಒಂದು ರಾತ್ರಿ ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಮಲಬಾರ್ ಹಾರುವ ಕಪ್ಪೆಯ ಜೋಡಿ ಕಂಡಿತು. ಹಸಿರು ಮೈ, ಬೆರಳುಗಳ ನಡುವೆ ಕಿತ್ತಳೆ ಬಣ್ಣದ ಪೊರೆ. ಹಿಂಗಾಲಿನಿಂದ ಲೋಳೆಯನ್ನು ಕಡೆದು ಕಡೆದು ನೊರೆಯ ಗೂಡು ಕಟ್ಟುತ್ತಿದ್ದವು. ಮೊಟ್ಟೆ ಆ ನೊರೆಯಲ್ಲೇ ಇರುತ್ತದೆ, ಆಮೇಲೆ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಉದುರುತ್ತವೆ. ಕಣ್ಣೆದುರು ಗೂಡು ಕಟ್ಟುವುದನ್ನು ನೋಡುವ ಯೋಗ ಎಲ್ಲರಿಗೂ ಸಿಗುವುದಿಲ್ಲ.

ನನ್ನ ಕೈಯಲ್ಲಿದ್ದದ್ದು ಮೊಬೈಲು ಮತ್ತು ಎಲ್ಇಡಿ ಟಾರ್ಚು. ಟಾರ್ಚಿನ ಗಾಜಿಗೆ ಹಾಲಿನ ಪ್ಯಾಕೆಟ್ ತುಂಡನ್ನು ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡ್ ಹಾಕಿದ್ದೆ. ಮನೆಯಲ್ಲಿ ಗೋಡೆಗೆ ಬಿಟ್ಟು ನೋಡಿದಾಗ ನಡುವಿನ ಪ್ರಖರ ವೃತ್ತ ಮಾಯವಾಗಿ ಬೆಳಕು ಕೋಣೆ ತುಂಬ ಹರಡಿತ್ತು. ಸರಿಯಾಯಿತು ಅಂದುಕೊಂಡೆ. ಬೆಳಗ್ಗೆ ಫೋಟೋಗಳನ್ನು ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಎಲ್ಲದರಲ್ಲೂ ಕಪ್ಪೆಯ ಬೆನ್ನ ಮೇಲೆ ಸುಟ್ಟ ಬಿಳಿ ಚುಕ್ಕೆಗಳು, ನೊರೆ ಪೂರ್ತಿ ಬಿಳಿ ಮುದ್ದೆ, ಹಿಂದಿನ ಎಲೆಯ ಮೇಲೆ ಕತ್ತರಿಸಿಟ್ಟ ಹಾಗೆ ಕಪ್ಪು ನೆರಳು. ಹೀಗೆ ಬಿಳಿಯಾಗಿ ಸುಟ್ಟುಹೋದ ಜಾಗದಲ್ಲಿ ಫೋಟೋದೊಳಗೆ ಯಾವ ವಿವರವೂ ಉಳಿದಿರುವುದಿಲ್ಲ, ಎಡಿಟ್ ಮಾಡಿದರೆ ಬೂದಿ ಬಣ್ಣ ಬರುತ್ತದೆ ಅಷ್ಟೇ. ಆ ರಾತ್ರಿಯ ಒಂದು ಫೋಟೋವೂ ಉಳಿಯಲಿಲ್ಲ.

ತಪ್ಪು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಇಲ್ಲೇ ಎಡವುತ್ತಾರೆ. ಬೆಳಕು ಹರಡುವುದು ಬೇರೆ, ಮೃದುವಾಗುವುದು ಬೇರೆ. ಗಾಜಿಗೆ ಅಂಟಿಸಿದ ಪ್ಲಾಸ್ಟಿಕ್ ಬೆಳಕನ್ನು ಅಗಲಕ್ಕೆ ಚೆಲ್ಲುತ್ತದೆ, ನಿಜ. ಆದರೆ ಬೆಳಕು ಹೊರಡುವ ಜಾಗ ಮೊದಲಿನ ಅದೇ ಒಂದಿಂಚಿನ ಗಾಜು! ಕಪ್ಪೆಯ ಕಡೆಯಿಂದ ನೋಡಿದರೆ ಆಗಲೂ ಅದು ಚಿಕ್ಕ ದೀಪ, ಈಗಲೂ ಚಿಕ್ಕ ದೀಪ. ಚಿಕ್ಕ ದೀಪದ ನೆರಳಿಗೆ ಅಂಚು ಚೂಪು. ಒದ್ದೆ ಚರ್ಮ ಕನ್ನಡಿಯ ಕೆಲಸ ಮಾಡುತ್ತದೆ, ಆ ಪುಟ್ಟ ದೀಪವನ್ನೇ ಪ್ರಖರವಾದ ಚುಕ್ಕೆಯಾಗಿ ವಾಪಸ್ ಕಳಿಸುತ್ತದೆ. ಮೋಡ ಕವಿದ ದಿನ ನೆರಳಿಗೆ ಅಂಚೇ ಇರುವುದಿಲ್ಲ ಅಲ್ವಾ? ಆವತ್ತು ಬೆಳಕು ಬರುವುದು ಇಡೀ ಆಕಾಶದಿಂದ. ಹಾಗಾಗಿ ಯಾವ ವಸ್ತು ಅನ್ನುವುದು ಆಮೇಲಿನ ಮಾತು. ಮೊದಲು ನೋಡಬೇಕಾದ್ದು ಅದು ಎಷ್ಟು ದೊಡ್ಡದು, ಟಾರ್ಚಿನಿಂದ ಎಷ್ಟು ದೂರ, ಕಪ್ಪೆಗೆ ಎಷ್ಟು ಹತ್ತಿರ ಅನ್ನುವುದನ್ನು.

ಈಗ ನಾನು ಬಳಸುವುದು ಎರಡು ಲೀಟರಿನ ಕೂಲ್ ಡ್ರಿಂಕ್ ಬಾಟಲಿಯ ಮೇಲಿನ ಅರ್ಧ. ಕತ್ತಿನ ಕೆಳಗೆ, ಟಾರ್ಚಿನ ತಲೆ ಬಿಗಿಯಾಗಿ ಕೂರುವ ಕಡೆ ಕತ್ತರಿಸಿ. ಅಗಲದ ಬಾಯಿ ಸುಮಾರು ನಾಲ್ಕಿಂಚು ಬರುತ್ತದೆ. ಒಳಗೋಡೆಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ, ಬೆಳಕು ಪಕ್ಕಕ್ಕೆ ಸೋರುವುದಿಲ್ಲ. ಅಗಲದ ಬಾಯಿಗೆ ಹಾಲುಬಣ್ಣದ ಫೈಲ್ ಕವರ್ ಕತ್ತರಿಸಿ ಹಾಕಿ. ಬಟರ್ ಪೇಪರ್ ಬೆಳಕನ್ನು ಚೆನ್ನಾಗಿ ಚದುರಿಸುತ್ತದೆ, ಆದರೆ ಮಳೆಯಲ್ಲಿ ನೆನೆದು ಜೋಲುತ್ತದೆ, ಮಲೆನಾಡಿಗೆ ಅದು ಬೇಡ. ಟಾರ್ಚಿಗೂ ಹಾಳೆಗೂ ನಡುವೆ ಮೂರು ನಾಲ್ಕಿಂಚು ಅಂತರ ಇರಲೇಬೇಕು. ಹಾಳೆ ಪೂರ್ತಿ ಒಂದೇ ಸಮ ಬೆಳಗುತ್ತಿದೆಯಾ ನೋಡಿ. ನಡುವೆ ಮಾತ್ರ ಪ್ರಖರವಾಗಿದ್ದರೆ ಅಂತರ ಸಾಲದು, ಅದನ್ನು ಹೆಚ್ಚಿಸಿ, ಇಲ್ಲವೇ ಹಾಳೆಯ ನಡುವಿಗೆ ಅದೇ ಕವರಿನ ಇನ್ನೊಂದು ಸಣ್ಣ ತುಂಡು ಅಂಟಿಸಿ.

ಬೆಳಕು ಕಮ್ಮಿಯಾಗುತ್ತದೆ, ಅದಕ್ಕೆ ಟಾರ್ಚನ್ನು ಹೈ ಮೋಡಿಗೆ ಹಾಕುವ ಮೊದಲು ಹತ್ತಿರ ತನ್ನಿ. ಒಂದು ಗೇಣು ದೂರದಲ್ಲಿ, ಮೇಲಿನಿಂದ ಸ್ವಲ್ಪ ಓರೆಯಾಗಿ ಹಿಡಿದರೆ ಸಾಕು. ಇನ್ನೊಂದು ಪಕ್ಕಕ್ಕೆ ಥರ್ಮೋಕೋಲ್ ತುಂಡು ಇಟ್ಟರೆ ನೆರಳಿನ ಭಾಗವೂ ತಿಳಿಯಾಗುತ್ತದೆ. ಮೊಬೈಲಿನಲ್ಲಿ ಎಕ್ಸ್‌ಪೋಷರ್, ಅಂದರೆ ಫೋಟೋ ಎಷ್ಟು ಬೆಳ್ಳಗೆ ಬರಬೇಕು ಅನ್ನುವುದನ್ನು, ಸ್ವಲ್ಪ ಕೆಳಗೆ ಎಳೆಯಿರಿ. ಕೆಲವು ಅಗ್ಗದ ಟಾರ್ಚುಗಳು ಲೋ ಮೋಡಿನಲ್ಲಿ ಕಣ್ಣಿಗೆ ಕಾಣದಷ್ಟು ವೇಗವಾಗಿ ಆರಿ ಹೊತ್ತುತ್ತಿರುತ್ತವೆ, ವಿಡಿಯೋದಲ್ಲಿ ಪಟ್ಟೆ ಪಟ್ಟೆ ಬಂದರೆ ಕಾರಣ ಅದೇ.

ಶಕ್ತಿಯ ಟಾರ್ಚ್ ಆದರೆ ಗಾಜಿಗೆ ಕಪ್ಪು ಟೇಪ್ ತಾಗಿಸಲೇಬೇಡಿ. ಕಪ್ಪು ಬಣ್ಣ ಬೆಳಕನ್ನೆಲ್ಲ ಹೀರಿ ಕಾಯುತ್ತದೆ, ಹೈ ಮೋಡಿನಲ್ಲಿ ಹೊಗೆ ಬರುವುದೂ ಉಂಟು. ತಲೆಯ ಸುತ್ತ ಇರುವ ಲೋಹದ ಗೆರೆಗಳು ಎಲ್ಇಡಿಯ ಶಾಖ ಹೊರಹೋಗುವ ದಾರಿ, ಅವನ್ನೂ ಸುತ್ತಿ ಮುಚ್ಚಬೇಡಿ.

ಇನ್ನು ಕಪ್ಪೆಯ ಬಗ್ಗೆ. ಸೊಳ್ಳೆಗೆ, ಇಂಬಳಕ್ಕೆ ಅಂತ ಏನೇನೋ ಹಚ್ಚಿಕೊಂಡ ಕೈಯಲ್ಲಿ ಅದನ್ನು ಮುಟ್ಟಬೇಡಿ, ಅದರ ಚರ್ಮ ಎಲ್ಲವನ್ನೂ ಒಳಗೆ ಎಳೆದುಕೊಳ್ಳುತ್ತದೆ. ನಿಜ ಹೇಳಬೇಕೆಂದರೆ ಬರಿಗೈಯಲ್ಲೂ ಮುಟ್ಟುವ ಅಗತ್ಯ ಇಲ್ಲ. ಗೂಡು ಕಟ್ಟುತ್ತಿರುವ ಜೋಡಿಯ ಮೇಲೆ ಸುಮ್ನೆ ಬೆಳಕು ಬಿಟ್ಟುಕೊಂಡು ನಿಲ್ಲಬೇಡಿ. ನಾಲ್ಕು ಫೋಟೋ ತೆಗೆದು ಆರಿಸಿ.

ಈ ಬಾಟಲಿ ಹಾಕಿದ ಟಾರ್ಚ್ ಹಿಡಿದು ತೋಟದಲ್ಲಿ ನಡೆಯಬೇಡಿ. ಹರಡಿದ ಬೆಳಕಿನಲ್ಲಿ ದರಗಿನ ಮೇಲೆ ಮಲಗಿದ ಹಾವು ಕಾಣುವುದಿಲ್ಲ. ನಡೆಯಲು ಇನ್ನೊಂದು ಟಾರ್ಚ್ ಬೇಕೇ ಬೇಕು, ಅದಕ್ಕೆ ಚೂಪಾದ ಬೆಳಕೇ ಇರಲಿ.