ಸೈಕಿಯ ಇನ್ನೊಂದು ಕೈಯಲ್ಲಿ ಏನಿತ್ತು?

ರೋಮನ್ನರ ಪ್ರೇಮದ ದೇವರು ಕ್ಯುಪಿಡ್ ಮತ್ತು ರಾಜಕುಮಾರಿ ಸೈಕಿ, ಇವರ ಕಥೆಯ ನೀತಿ ಸೆಮಿನಾರಿಗೆ 'ನಂಬಿಕೆ ಇರಬೇಕು' ಅಂತ ಬರೆಯಲೋ, 'ಕುತೂಹಲ ಕೆಟ್ಟದ್ದು' ಅಂತಲೋ ಎಂದು ಕೇಳಿದ್ದೀರಿ. ನನ್ನನ್ನು ಕೇಳಿದರೆ ಎರಡೂ ಬೇಡ. ಎಂಎ ಓದುವಾಗ ಸೆಮಿನಾರಿಗೆ ನಾನೂ ಇದೇ ಕಥೆ ಆರಿಸಿಕೊಂಡಿದ್ದೆ. ಎರಡನೆಯದನ್ನೇ ಬರೆದೆ.

ತಪ್ಪಿದ್ದು ಎಲ್ಲಿ ಅಂದರೆ, ಮೂಲ ಓದಲಿಲ್ಲ. ನೆಟ್‌ನಲ್ಲಿ ಸಿಕ್ಕ ಒಂದು ಪುಟದ ಸಾರಾಂಶ ಸಾಕು ಅಂದುಕೊಂಡೆ. ಗಂಡ ಕ್ಯುಪಿಡ್ ಕತ್ತಲಲ್ಲೇ ಬರುತ್ತಾನೆ, ಮುಖ ನೋಡಬೇಡ ಅನ್ನುತ್ತಾನೆ, ಇವಳು ದೀಪ ಹಿಡಿದು ನೋಡುತ್ತಾಳೆ, ಅವನು ಹಾರಿಹೋಗುತ್ತಾನೆ. ಅಷ್ಟೇ. ಯಾಕೆ ನೋಡಿದಳು ಅನ್ನುವುದು ಅದರಲ್ಲಿ ಇರಲೇ ಇಲ್ಲ. ಆ ಖಾಲಿ ಜಾಗಕ್ಕೆ ಕುತೂಹಲವನ್ನು ತುಂಬಿದವಳು ನಾನು. ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ದೀಪ ಒಂದು ಕೈಯಲ್ಲಿ. ಇನ್ನೊಂದು ಕೈಯಲ್ಲಿ ಏನಿತ್ತು?" ನನಗೆ ಉತ್ತರ ಗೊತ್ತಿರಲಿಲ್ಲ. ಹದಿನೈದು ದಿನ ಬರೆದದ್ದೆಲ್ಲ ಅಲ್ಲಿಗೇ ಬಿದ್ದುಹೋಯಿತು.

ಕ್ಷೌರದ ಕತ್ತಿ ಇತ್ತು.

2ನೇ ಶತಮಾನದಲ್ಲಿ ಅಪುಲಿಯಸ್ ಲ್ಯಾಟಿನ್‌ನಲ್ಲಿ ಬರೆದ 'ಮೆಟಮಾರ್ಫೋಸಸ್'ನ 4ರಿಂದ 6ನೇ ಪುಸ್ತಕದವರೆಗೆ ಈ ಕಥೆ ಇದೆ. ಅದನ್ನು ಓದಿ. ಸೈಕಿಗೆ ಸಿಗುವ ಗಂಡ ಹಾವಿನಂಥ ಕ್ರೂರಿ ಅಂತ ಅಪೊಲೊ ದೇವರ ವಾಣಿಯೇ ಹೇಳಿರುತ್ತದೆ. ಹೆತ್ತವರು ಅವಳನ್ನು ಶವಯಾತ್ರೆಯ ಹಾಗೆ ಬೆಟ್ಟಕ್ಕೆ ಕರೆದೊಯ್ದು ಬಿಟ್ಟು ಬರುತ್ತಾರೆ. ಮುಂದೆ ಅವಳು ಬಸುರಿ. ನಿನ್ನ ಗಂಡ ಹಾವು, ನಿನಗೆ ದಿನ ತುಂಬಿದ ಮೇಲೆ ನಿನ್ನನ್ನು ನುಂಗುತ್ತದೆ ಅಂತ ಅಕ್ಕಂದಿರು ಹೆದರಿಸುತ್ತಾರೆ. ಅವಳು ಕತ್ತಿ ಹಿಡಿದದ್ದು ಜೀವಭಯಕ್ಕೆ ಅಲ್ವಾ?

ದೀಪದಿಂದ ಬಿಸಿ ಎಣ್ಣೆಯ ಒಂದು ಹನಿ ಮಲಗಿದ್ದ ಕ್ಯುಪಿಡ್‌ನ ಬಲಭುಜದ ಮೇಲೆ ಬೀಳುತ್ತದೆ. ಅಪುಲಿಯಸ್ ಅಲ್ಲಿ ಬೈಯುವುದು ದೀಪವನ್ನು. ನನಗೆ ಈ ಜಾಗ ತುಂಬಾ ಇಷ್ಟ.

ಕುತೂಹಲದ ಮಾತು ಕಥೆಯಲ್ಲಿ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮುಂದೆ ಪಾತಾಳದ ರಾಣಿ ಪ್ರೊಸರ್ಪಿನಾ ಕೊಟ್ಟ ಪೆಟ್ಟಿಗೆಯನ್ನು ಅವಳು ತೆರೆದಾಗ, ಮತ್ತೆ ಅದೇ ಕುತೂಹಲ ಅಂತ ಕ್ಯುಪಿಡ್ ಅವಳನ್ನು ಗದರುತ್ತಾನೆ. ಆದರೆ ಆ ಗದರಿಕೆಯನ್ನೇ ಕಥೆಯ ನೀತಿ ಮಾಡಬೇಡಿ. ಸೆಮಿನಾರಿನಲ್ಲಿ ಅದಕ್ಕಿಂತ ಮುಂಚಿನ ಒಂದು ಭಾಗವನ್ನು ಜೋರಾಗಿ ಓದಿ. ಹಾರಿಹೋದ ಕ್ಯುಪಿಡ್ ಸೈಪ್ರೆಸ್ ಮರದ ತುದಿಯಲ್ಲಿ ಕೂತು ತಾನೇ ಒಪ್ಪಿಕೊಳ್ಳುತ್ತಾನೆ: ನಿನ್ನನ್ನು ತೀರಾ ಕೀಳಾದವನಿಗೆ ಗಂಟು ಹಾಕು ಅಂತ ಅಮ್ಮ ವೀನಸ್ ಹೇಳಿದ್ದಳು, ನಾನು ಅವಳ ಮಾತು ಮೀರಿ ನನ್ನ ಬಾಣವನ್ನೇ ಚುಚ್ಚಿಕೊಂಡು ನಿನ್ನನ್ನು ಹೆಂಡತಿ ಮಾಡಿಕೊಂಡೆ ಅಂತ. ಓದಿ ಮುಗಿಸಿ, ಈ ಕಥೆಯಲ್ಲಿ ಮೊದಲು ಮಾತು ಮೀರಿದ್ದು ಯಾರು ಅಂತ ಕ್ಲಾಸನ್ನು ಕೇಳಿ.